ಗ್ಯಾಲಕ್ಸಿಯನ್ ನೌಕೆ: ಹಳೇ ಟಿವಿಯಲ್ಲಿ ನಿಧಾನ, ಮೊಬೈಲಿನಲ್ಲಿ ಜೋರು, ಏಕೆ?

ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜ ಭಾಗದಲ್ಲಿ 1990ರ ದಶಕದಲ್ಲಿ ಬೆಳೆದವರಿಗೆ ಟಿವಿ ಗೇಮ್ ಎಂದರೆ ಹೆಚ್ಚು ವಿವರಣೆ ಬೇಕಿಲ್ಲ. ಒಂದು ಪೆಟ್ಟಿಗೆ, ಎರಡು ರಿಮೋಟ್, ಒಂದು ಅಡಾಪ್ಟರ್, ಮೇಲಿನಿಂದ ಒತ್ತಿ ಕೂರಿಸುವ ಕ್ಯಾಸೆಟ್. ದಸರಾ, ದೀಪಾವಳಿ ರಜೆಯಲ್ಲಿ ಅಕ್ಕಪಕ್ಕದ ಮನೆಯ ಹುಡುಗರೆಲ್ಲ ಒಂದೇ ಟಿವಿ ಮುಂದೆ. ಮಾರಿಯೋ, ಕಾಂಟ್ರಾ ಜೊತೆಗೆ ಬಹಳಷ್ಟು ಕ್ಯಾಸೆಟ್‌ಗಳಲ್ಲಿ ತಪ್ಪದೇ ಇರುತ್ತಿದ್ದ ಆಟ ಗ್ಯಾಲಕ್ಸಿಯನ್. ಕೆಳಗೊಂದು ನೌಕೆ, ಮೇಲೆ ಸಾಲುಗಟ್ಟಿ ನಿಂತ ವೈರಿಗಳು, ಆಗಾಗ ಸಾಲು ಬಿಟ್ಟು ಕೆಳಗೆ ಧುಮುಕುವ ಒಂದೆರಡು.

ಅಂದಿನ ಆ ಹುಡುಗರು ಇಂದು ನಲವತ್ತರ ಆಸುಪಾಸಿನಲ್ಲಿದ್ದಾರೆ. ಅವರಲ್ಲಿ ಯಾರಾದರೂ ಅದೇ ಆಟವನ್ನು ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಹಾಕಿಕೊಂಡು ಕೂತರೆ ಎರಡೇ ನಿಮಿಷದಲ್ಲಿ ಮೂರೂ ನೌಕೆ ಹೋಗುತ್ತವೆ. ವಯಸ್ಸಾಯಿತು, ಕೈ ಮೊದಲಿನಂತಿಲ್ಲ ಎಂದು ನಿಟ್ಟುಸಿರು ಬಿಡುತ್ತಾರೆ. ಕೈ ನಿಧಾನವಾಗಿರಬಹುದು, ಅದು ಬೇರೆ ಮಾತು. ಆದರೆ ಆಟವೇ ಜೋರಾಗಿದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಅಂದು ಮನೆಯ ಟಿವಿಯಲ್ಲಿ ಓಡಿದ ನೌಕೆಗಿಂತ ಇಂದು ಮೊಬೈಲಿನಲ್ಲಿ ಓಡುವ ನೌಕೆ ಸಾಮಾನ್ಯವಾಗಿ ಶೇ. 20ರಷ್ಟು ವೇಗವಾಗಿದೆ. ಕ್ಯಾಸೆಟ್ಟಿನೊಳಗಿನ ಆಟ ಒಂದೇ, ಓಡಿಸುವ ಯಂತ್ರ ಬೇರೆ.

ಮೂಲ ಯಂತ್ರ

ಗ್ಯಾಲಕ್ಸಿಯನ್ ಜಪಾನಿನ ನಾಮ್ಕೋ ಕಂಪನಿ 1979ರಲ್ಲಿ ತಂದ ಆಟ. ಆಗ ಅದು ಮನೆಯದ್ದಲ್ಲ, ನಾಣ್ಯ ಹಾಕಿ ನಿಂತು ಆಡುವ ಪಾರ್ಲರ್ ಯಂತ್ರ. ಹಿಂದಿನ ವರ್ಷ ಟೈಟೋ ಕಂಪನಿಯ ಸ್ಪೇಸ್ ಇನ್ವೇಡರ್ಸ್ ಜಪಾನನ್ನು ಹುಚ್ಚೆಬ್ಬಿಸಿತ್ತು. ಅದಕ್ಕೆ ಉತ್ತರವಾಗಿ ಬಂದ ಗ್ಯಾಲಕ್ಸಿಯನ್‌ನಲ್ಲಿ ವೈರಿಗಳಿಗೆ ಬಣ್ಣ ಬಂತು, ಸಾಲು ಬಿಟ್ಟು ಹಾರಿ ಬರುವ ಬುದ್ಧಿಯೂ ಬಂತು. ಒಂದು ಸುತ್ತಿಗೆ 46 ವೈರಿಗಳು. ನೀಲಿ ಬಣ್ಣದವು 30, ನೇರಳೆ 8, ಕೆಂಪು 6, ಎಲ್ಲಕ್ಕೂ ಮೇಲೆ ಹಳದಿ ನಾಯಕರು 2. ಸಾಲಿನಲ್ಲಿ ನಿಂತ ನಾಯಕನಿಗೆ 60 ಅಂಕ. ಅವನು ಇಬ್ಬರು ಕೆಂಪು ಅಂಗರಕ್ಷಕರೊಡನೆ ಧುಮುಕಿದಾಗ ಮೊದಲು ಅವರಿಬ್ಬರನ್ನೂ ಹೊಡೆದು ಕೊನೆಗೆ ಅವನನ್ನು ಹೊಡೆದರೆ 800. ಈ 800ರ ಆಸೆಗೆ ನೌಕೆ ಕಳೆದುಕೊಂಡವರೇ ಹೆಚ್ಚು!

ಮನೆಯ ಆವೃತ್ತಿ ಬಂದದ್ದು 1984ರಲ್ಲಿ. ನಿಂಟೆಂಡೋ ಕಂಪನಿ 1983ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್ ಎಂಬ ಟಿವಿ ಗೇಮ್ ಪೆಟ್ಟಿಗೆಗಾಗಿ ನಾಮ್ಕೋ ಅದನ್ನು ಮತ್ತೆ ಬರೆಯಿತು. ಆಟದ ಪ್ರೋಗ್ರಾಂ ಕೇವಲ 8 ಕಿಲೋಬೈಟ್. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಅದಕ್ಕಿಂತ ನೂರಾರು ಪಟ್ಟು ದೊಡ್ಡದು. ಇಷ್ಟು ಚಿಕ್ಕದಾದ್ದರಿಂದ, ಹತ್ತಾರು ಆಟಗಳನ್ನು ಒಂದೇ ಕ್ಯಾಸೆಟ್ಟಿಗೆ ತುಂಬುವವರಿಗೆ ಇದು ಬಲು ಅನುಕೂಲವಾಯಿತು. ಮುಂದೆ ಫ್ಯಾಮಿಕಾಮ್‌ನ ನಕಲು ಪೆಟ್ಟಿಗೆಗಳು ಏಷ್ಯಾದ ಊರೂರಿಗೆ ಹರಡಿದವು. ಭಾರತದಲ್ಲಿ ಸಮುರಾಯ್, ಮೀಡಿಯಾ ಮುಂತಾದ ಹೆಸರಿನಲ್ಲೂ, ಹೆಸರೇ ಇಲ್ಲದೆಯೂ ಇಂಥ ಪೆಟ್ಟಿಗೆಗಳು ಮಾರಾಟವಾದವು.

ಮಗ್ಗದ ಲೆಕ್ಕ

ವೇಗದ ಗುಟ್ಟು ತಿಳಿಯಲು ಇಚಲಕರಂಜಿಯವರು ದೂರ ಹೋಗಬೇಕಾಗಿಲ್ಲ. 1904ರಲ್ಲಿ ವಿಠ್ಠಲರಾವ್ ದಾತಾರ್ ಅವರು ಮೊದಲ ಯಂತ್ರಮಗ್ಗ ಹಾಕಿದ ಊರು ಅದು. ಸಾದಾ ಮಗ್ಗದಲ್ಲಿ ಎಲ್ಲ ಕೆಲಸವೂ ಒಂದೇ ಮೋಟರಿಗೆ ಕಟ್ಟಿದ್ದು. ನೂಲು ಮೇಲೆ ಕೆಳಗೆ ಆಗುವುದು, ಲಾಳಿ (ಮರಾಠಿಯ ಧೋಟಾ) ಆ ಕಡೆಯಿಂದ ಈ ಕಡೆಗೆ ಹಾರುವುದು, ಬಟ್ಟೆ ಸುತ್ತಿಕೊಳ್ಳುವುದು, ಎಲ್ಲಕ್ಕೂ ಒಂದೇ ಲಯ. ಮೋಟರಿನ ಪುಲ್ಲಿ ಬದಲಿಸಿದರೆ ನಿಮಿಷದ ಪಿಕ್ ಬದಲಾಗುತ್ತದೆ. ಆದರೆ ಒಂದು ಇಂಚಿಗೆ ಬೀಳುವ ಎಳೆ ಅಷ್ಟೇ ಇರುತ್ತದೆ. ಬಟ್ಟೆ ಅದೇ, ನೇಯುವ ವೇಗ ಬೇರೆ.

ಫ್ಯಾಮಿಕಾಮ್ ಆಟವೂ ಹೀಗೇ. ಅದರ ಲಯ ಟಿವಿ ಚಿತ್ರದ ಲಯ. ಟಿವಿ ಪರದೆಯ ಮೇಲೆ ಒಮ್ಮೆ ಚಿತ್ರ ಬರೆದು ಮುಗಿದಾಗ ಆಟ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ನೌಕೆ ಒಂದಿಷ್ಟು ಸರಿಯುತ್ತದೆ, ಗುಂಡು ಮೇಲೇರುತ್ತದೆ, ವೈರಿ ಕೆಳಗಿಳಿಯುತ್ತಾನೆ, ಹಾಡಿನ ಸ್ವರ ಮುಂದುವರಿಯುತ್ತದೆ. ಗಡಿಯಾರ ನೋಡಿ ನಡೆಯುವ ಆಟ ಇದಲ್ಲ, ಚಿತ್ರ ಎಣಿಸಿ ನಡೆಯುವ ಆಟ.

ಜಪಾನ್ ಮತ್ತು ಅಮೆರಿಕದ ಎನ್‌ಟಿಎಸ್‌ಸಿ ಟಿವಿ ಸೆಕೆಂಡಿಗೆ ಸುಮಾರು 60 ಬಾರಿ ಪರದೆ ಬರೆಯುತ್ತಿತ್ತು. ಭಾರತದಲ್ಲಿ 1982ರಲ್ಲಿ, ದಿಲ್ಲಿಯ ಏಷ್ಯನ್ ಗೇಮ್ಸ್ ವರ್ಷ, ದೂರದರ್ಶನಕ್ಕೆ ಬಣ್ಣ ಬಂದಾಗ ಆರಿಸಿಕೊಂಡದ್ದು ಪಾಲ್ ಪದ್ಧತಿ. ಅದರಲ್ಲಿ ಸೆಕೆಂಡಿಗೆ 50 ಬಾರಿ. ಈ ಅಂಕಿಗಳು ಆಕಾಶದಿಂದ ಬಿದ್ದವಲ್ಲ. ಟಿವಿ ಹುಟ್ಟಿದ ಕಾಲದಲ್ಲಿ ಆಯಾ ದೇಶದ ಕರೆಂಟಿನ ಸೈಕಲ್ ನೋಡಿಕೊಂಡೇ ಇವನ್ನು ನಿಗದಿ ಮಾಡಿದ್ದು. ಅಮೆರಿಕದ ಕರೆಂಟು 60 ಸೈಕಲ್, ಯುರೋಪಿನದೂ ನಮ್ಮದೂ 50. ಮೈಮೇಲೆ 1440 ಸುತ್ತು ಎಂದು ಬರೆದಿರುವ ನಮ್ಮ ಮೋಟರನ್ನು 60 ಸೈಕಲ್ ಕರೆಂಟಿಗೆ ಹಚ್ಚಿದರೆ 1700ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ನೌಕೆಗೂ ಅದೇ ಪ್ರಮಾಣ. (ಜಪಾನಿನ ಪೂರ್ವಭಾಗದಲ್ಲಿ ಕರೆಂಟು 50 ಸೈಕಲ್ ಇದ್ದರೂ ಟಿವಿ ಮಾತ್ರ ದೇಶಕ್ಕೆಲ್ಲ 60.)

ಉದಾಹರಣೆಗೆ ನೌಕೆ ಒಂದು ಚಿತ್ರಕ್ಕೆ ಒಂದು ಚುಕ್ಕೆಯಷ್ಟು ಸರಿಯುತ್ತದೆ ಎಂದುಕೊಳ್ಳಿ. ಫ್ಯಾಮಿಕಾಮ್ ಪರದೆಯ ಅಗಲ 256 ಚುಕ್ಕೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಜಪಾನಿನಲ್ಲಿ ಸುಮಾರು 4.3 ಸೆಕೆಂಡ್, ನಮ್ಮಲ್ಲಿ 5.1 ಸೆಕೆಂಡ್.

ಹಾಗಾದರೆ ವೈರಿಯೂ ಅಷ್ಟೇ ನಿಧಾನ, ಲಾಭ ಎಲ್ಲಿಂದ ಬಂತು ಎಂದು ಕೇಳಬಹುದು. ನೌಕೆ, ವೈರಿ, ಗುಂಡು ಎಲ್ಲವೂ ಒಂದೇ ಪ್ರಮಾಣದಲ್ಲಿ ನಿಧಾನವಾಗುತ್ತವೆ, ನಿಜ. ಆದರೆ ಆಡುವವನ ಕಣ್ಣು ಮತ್ತು ಬೆರಳು ನಿಧಾನವಾಗುವುದಿಲ್ಲ. ಕಂಡದ್ದಕ್ಕೆ ಬೆರಳು ಓಗೊಡಲು ಸೆಕೆಂಡಿನ ಕಾಲು ಭಾಗದಷ್ಟು ಹೊತ್ತು ಎಲ್ಲ ದೇಶದವರಿಗೂ ಬೇಕು. ಜಪಾನಿನ ಟಿವಿಯಲ್ಲಿ 2 ಸೆಕೆಂಡಿನಲ್ಲಿ ಮೈಮೇಲೆ ಬೀಳುವ ವೈರಿ ನಮ್ಮ ಟಿವಿಯಲ್ಲಿ 2.4 ಸೆಕೆಂಡ್ ತೆಗೆದುಕೊಳ್ಳುತ್ತಾನೆ. ತಪ್ಪಿಸಿಕೊಳ್ಳಲು ಅಷ್ಟು ಬಿಡುವು ಸಾಕು.

ಯುರೋಪಿಗೆಂದೇ ತಯಾರಾದ ಕೆಲವು ಆಟಗಳಲ್ಲಿ ಕಂಪನಿಗಳು ಹೆಜ್ಜೆ ಹಿಗ್ಗಿಸಿ ಈ ಕೊರತೆ ತುಂಬಿದವು. ನಮಗೆ ಬಂದ ನಕಲು ಕ್ಯಾಸೆಟ್‌ಗಳಲ್ಲಿ ಆ ಉಪಚಾರ ಇರಲಿಲ್ಲ. ಜಪಾನಿನ 60ರ ಲೆಕ್ಕದ ಪ್ರೋಗ್ರಾಂ ಹಾಗೇ 50ರ ಪೆಟ್ಟಿಗೆಯಲ್ಲಿ ಓಡಿತು.

ಪಾರ್ಲರಿಗೂ ಮನೆಗೂ

ನಾಣ್ಯದ ಯಂತ್ರದಲ್ಲಿ ಆಡಿದವರಿಗೆ ಇನ್ನೊಂದು ವ್ಯತ್ಯಾಸ ಗೊತ್ತಿರುತ್ತದೆ. ಆ ಪರದೆ ನಿಲುವಾದದ್ದು: ಅಗಲ 224 ಚುಕ್ಕೆ, ಎತ್ತರ 256. ಮನೆಯ ಟಿವಿ ಅಡ್ಡಡ್ಡ: ಅಗಲ 256, ಎತ್ತರ 240. ಗ್ಯಾಲಕ್ಸಿಯನ್ ನೌಕೆಗೆ ಒಂದು ಕಟ್ಟಳೆ ಇದೆ. ಬಿಟ್ಟ ಗುಂಡು ಯಾರಿಗಾದರೂ ತಾಗಬೇಕು ಇಲ್ಲವೇ ಪರದೆ ದಾಟಬೇಕು, ಅಲ್ಲಿಯವರೆಗೆ ಎರಡನೇ ಗುಂಡು ಇಲ್ಲ. ಹೀಗಾಗಿ ಪರದೆ ಕುಳ್ಳಗಾದಷ್ಟೂ, ಗುಂಡಿನ ವೇಗ ಒಂದೇ ಇದ್ದರೆ, ತಪ್ಪಿದ ಗುಂಡು ಬೇಗ ಮುಗಿದು ಮುಂದಿನದು ಬೇಗ ಸಿಗುತ್ತದೆ. ಅತ್ತ ಓಡಾಡುವ ಅಂಗಳ ಅಗಲವಾಗುತ್ತದೆ.

ಇದೇ ಕಟ್ಟಳೆಯಿಂದ ಮತ್ತೊಂದು ಮಾತು. ನಕಲು ಪೆಟ್ಟಿಗೆಗಳ ರಿಮೋಟಿನಲ್ಲಿ ಟರ್ಬೋ ಎಂಬ ಹೆಚ್ಚುವರಿ ಗುಂಡಿಗಳಿರುತ್ತಿದ್ದವು. ಒತ್ತಿ ಹಿಡಿದರೆ ಪಟಪಟ ಗುಂಡು. ಗ್ಯಾಲಕ್ಸಿಯನ್‌ನಲ್ಲಿ ಇದರಿಂದ ಬೆರಳಿಗೆ ವಿಶ್ರಾಂತಿ ಸಿಕ್ಕೀತೇ ಹೊರತು ಏಕಕಾಲಕ್ಕೆ ಎರಡನೇ ಗುಂಡು ಸಿಗದು. ಟರ್ಬೋ ಒತ್ತಿದವನು ಮೋಸ ಮಾಡಿದ ಎಂದು ಜಗಳ ಕಾದವರು ಈಗಲಾದರೂ ರಾಜಿ ಆಗಬಹುದು. 1981ರಲ್ಲಿ ಬಂದ ಮುಂದಿನ ಆಟ ಗ್ಯಾಲಗಾದಲ್ಲಿ ಮಾತ್ರ ನೌಕೆಗೆ ಒಮ್ಮೆಗೆ ಎರಡು ಗುಂಡು. ವೈರಿ ಸೆರೆ ಹಿಡಿದ ನೌಕೆಯನ್ನು ಬಿಡಿಸಿಕೊಂಡರೆ ಜೋಡಿ ನೌಕೆ.

ನಿಮ್ಮ ಪೆಟ್ಟಿಗೆ 50ರದೋ 60ರದೋ?

ಅಟ್ಟದ ಮೇಲೆ ಹಳೇ ಪೆಟ್ಟಿಗೆ ಇದ್ದವರು, ಅದನ್ನು ಭಂಗಾರದವನಿಗೆ ಕೊಡುವ ಮುನ್ನ ಒಮ್ಮೆ ಪರೀಕ್ಷಿಸಬಹುದು. ಪಾಲ್ ಮಾತ್ರ ಗೊತ್ತಿರುವ ಹಳೇ ಟಿವಿಗೆ 60ರ ಪೆಟ್ಟಿಗೆ ಹಚ್ಚಿದರೆ ಚಿತ್ರ ಕಪ್ಪು-ಬಿಳುಪಾಗಿ ಬರುತ್ತದೆ, ಮೇಲಿಂದ ಕೆಳಗೆ ಉರುಳಲೂಬಹುದು. ಹಿಂದಿನ ವಿ-ಹೋಲ್ಡ್ ತಿರುವಿ ಚಿತ್ರ ನಿಲ್ಲಿಸಿದ ನೆನಪು ಕೆಲವರಿಗಿರಬೇಕು. ನಂತರದ ಟಿವಿಗಳು ಎರಡೂ ಪದ್ಧತಿ ಅರಿಯುವುದರಿಂದ ಅವುಗಳಲ್ಲಿ ಈ ಗುರುತು ಸಿಗದು.

ಆಗ ಕ್ಯಾಸೆಟ್ಟಿನಲ್ಲಿರುವ ಮಾರಿಯೋ ಸಹಾಯಕ್ಕೆ ಬರುತ್ತಾನೆ. ಮೊದಲ ಹಂತದಲ್ಲಿ ಮೇಲ್ಗಡೆ ಬಲಕ್ಕೆ ಸಮಯ 400ರಿಂದ ಇಳಿಯುತ್ತದೆ. ಒಂದೊಂದು ಅಂಕಿ ಇಳಿಯಲು 24 ಚಿತ್ರ. ಕೈಗಡಿಯಾರ ಹಿಡಿದು 400ರಿಂದ 300ಕ್ಕೆ ಬರುವವರೆಗೆ ಎಣಿಸಿ. 40 ಸೆಕೆಂಡಾದರೆ 60ರ ಪೆಟ್ಟಿಗೆ, 48 ಆದರೆ 50ರದು. ಸಾದಾ ನಕಲು ಕ್ಯಾಸೆಟ್ಟಿಗೆ ಈ ಲೆಕ್ಕ ಸರಿ. ಯುರೋಪಿಗೆಂದು ತಿದ್ದಿದ ಮಾರಿಯೋಗೆ ಇದು ಹೊಂದುವುದಿಲ್ಲ. 9999999 ಆಟ ಎಂದು ಚೀಟಿ ಅಂಟಿಸಿದ ಕ್ಯಾಸೆಟ್ಟಿನಲ್ಲಿ ಅದೇ ಬೆರಳೆಣಿಕೆಯ ಆಟಗಳು ಬೇರೆ ಬೇರೆ ಹಂತದಿಂದ ಶುರುವಾಗುತ್ತವೆ ಎಂಬುದು ಆಡಿದವರಿಗೆಲ್ಲ ಗೊತ್ತು. ಪರೀಕ್ಷೆಗೆ ಪಟ್ಟಿಯ ಮೊದಲ ಮಾರಿಯೋ ಒಳ್ಳೆಯದು.

ಮೊಬೈಲಿನಲ್ಲಿ ಆಡುವವರಿಗೆ

ಮೊಬೈಲ್, ಕಂಪ್ಯೂಟರಿನಲ್ಲಿ ಹಳೇ ಪೆಟ್ಟಿಗೆಯಂತೆ ನಟಿಸುವ ಎಮ್ಯುಲೇಟರ್‌ಗಳು ಕೇಳದೇ ಇದ್ದರೆ 60ರಲ್ಲೇ ಓಡಿಸುತ್ತವೆ. ಅನೇಕ ಎಮ್ಯುಲೇಟರ್‌ಗಳ ಸೆಟ್ಟಿಂಗಿನಲ್ಲಿ ಎನ್‌ಟಿಎಸ್‌ಸಿ, ಪಾಲ್ ಎಂಬ ಆಯ್ಕೆ ಇದೆ. ಕೆಲವುಗಳಲ್ಲಿ ಡೆಂಡಿ ಎಂಬ ಮೂರನೆಯದೂ ಉಂಟು. ಡೆಂಡಿ ಎಂದರೆ 1992ರಲ್ಲಿ ರಷ್ಯಾದಲ್ಲಿ ಮಾರಾಟಕ್ಕೆ ಬಂದ ಇಂಥದೇ ನಕಲು ಪೆಟ್ಟಿಗೆ. 50 ಚಿತ್ರದ ನಕಲು ಪೆಟ್ಟಿಗೆಗಳ ನಡೆಗೆ ಈಗ ಅದರ ಹೆಸರೇ ನಿಂತಿದೆ. ಯುರೋಪಿನ ಅಸಲಿ ಪೆಟ್ಟಿಗೆಯ ಪ್ರೊಸೆಸರ್ 1.66 ಮೆಗಾಹರ್ಟ್ಸ್, ಜಪಾನಿನದು 1.79, ಡೆಂಡಿ ಜಾತಿಯದು 1.77. ಆದ್ದರಿಂದ ಡೆಂಡಿಯಲ್ಲಿ ಹಾಡು ನಿಧಾನವಾದರೂ ಶ್ರುತಿ ಹೆಚ್ಚುಕಡಿಮೆ ಜಪಾನಿನದೇ, ಅಸಲಿ ಪಾಲ್‌ನಲ್ಲಿ ಶ್ರುತಿಯೂ ತುಸು ಇಳಿಯುತ್ತದೆ. ಬಾಲ್ಯದ ಹಾಡು ಕಿವಿಗೆ ಸರಿಯಾಗಿ ಕೇಳಬೇಕು, ನೌಕೆಯೂ ಅದೇ ಗತಿಯಲ್ಲಿ ಓಡಬೇಕು ಎನ್ನುವವರು ಡೆಂಡಿ ಆಯ್ಕೆ ಮಾಡಿ ನೋಡಲಿ.

ಅಂಕ ಹೋಲಿಸುವಾಗ ಇದು ಮುಖ್ಯ. ವಿಡಿಯೋ ಗೇಮ್ ದಾಖಲೆ ಇಡುವ ಅಮೆರಿಕದ ಟ್ವಿನ್ ಗ್ಯಾಲಕ್ಸೀಸ್ ಸಂಸ್ಥೆ ಎನ್‌ಟಿಎಸ್‌ಸಿ ಮತ್ತು ಪಾಲ್ ಅಂಕಗಳಿಗೆ ಬೇರೆ ಬೇರೆ ಪಟ್ಟಿ ಇಟ್ಟಿದೆ. ಅಣ್ಣ ಗಡಹಿಂಗ್ಲಜದ ಹಳೇ ಟಿವಿಯಲ್ಲಿ ಮಾಡಿದ ಅಂಕವನ್ನು ಮಗ ಪುಣೆಯಲ್ಲಿ ಕೂತು ಮೊಬೈಲಿನಲ್ಲಿ ಮುರಿಯಲಾರದೆ ಹೋದರೆ ಅದರಲ್ಲಿ ಮಗನ ತಪ್ಪೇನೂ ಇಲ್ಲ.

ಹಳೇ ಪೆಟ್ಟಿಗೆಯನ್ನೇ ಹೊಸ ಚಪ್ಪಟೆ ಟಿವಿಗೆ ಹಚ್ಚುವವರಿಗೆ ಎರಡು ಸೂಚನೆ. ಹೊಸ ಟಿವಿ ಚಿತ್ರವನ್ನು ಸಂಸ್ಕರಿಸಿ ತೋರಿಸುವುದರಿಂದ ಗುಂಡಿ ಒತ್ತಿದ್ದಕ್ಕೂ ನೌಕೆ ಸರಿದದ್ದಕ್ಕೂ ನಡುವೆ ಸಣ್ಣ ವಿಳಂಬ ಬರುತ್ತದೆ. ಟಿವಿಯಲ್ಲಿ ಗೇಮ್ ಮೋಡ್ ಇದ್ದರೆ ಹಾಕಿಕೊಳ್ಳಿ. ಇನ್ನು ಅಡಾಪ್ಟರ್: ಮೂಲದ್ದು ಕಳೆದಿದ್ದರೆ ಕೈಗೆ ಸಿಕ್ಕಿದ್ದನ್ನು ಚುಚ್ಚಬೇಡಿ. ವೋಲ್ಟೇಜ್ ಎಷ್ಟು, ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಎಂಬುದು ಪೆಟ್ಟಿಗೆಯ ಹಿಂದೆ ಅಥವಾ ಅಡಿಯಲ್ಲಿ ಬರೆದಿದ್ದರೆ ಅದಕ್ಕೆ ಹೊಂದುವುದನ್ನೇ ತನ್ನಿ. ಅಕ್ಷರ ಅಳಿಸಿಹೋಗಿದ್ದರೆ ರೇಡಿಯೋ-ಟಿವಿ ರಿಪೇರಿಯವರಿಗೆ ಒಮ್ಮೆ ತೋರಿಸಿ.