ಫ್ಯೂಚರ್ಸ್ ಡೇ ಟ್ರೇಡಿಂಗ್ ಕೋರ್ಸ್: ಸೇರುವ ಮುನ್ನ ಏನನ್ನು ಹೋಲಿಸಬೇಕು?

ವಿಜಯನಗರ ಮೆಟ್ರೊ ನಿಲ್ದಾಣದಲ್ಲಿ ಇಳಿದು ಒಂದು ಸುತ್ತು ಹಾಕಿ. ಟ್ಯೂಷನ್, ಟ್ಯಾಲಿ, ಸ್ಪೋಕನ್ ಇಂಗ್ಲಿಷ್ ಬೋರ್ಡುಗಳ ಸಾಲಿಗೆ ಈಗ ಷೇರು ಮಾರುಕಟ್ಟೆ ತರಬೇತಿಯ ಬೋರ್ಡೂ ಸೇರಿಕೊಂಡಿದೆ. ರಾಜಾಜಿನಗರ, ಬಸವೇಶ್ವರನಗರ, ಕೆಂಗೇರಿ ಕಡೆಯೂ ಅಷ್ಟೇ. ಫೋನಿನಲ್ಲಂತೂ ಕೇಳುವುದೇ ಬೇಡ, ಒಮ್ಮೆ ಅಂಥ ವಿಡಿಯೊ ನೋಡಿದರೆ ವಾರಪೂರ್ತಿ ಅದೇ ಬರುತ್ತದೆ. ಪದವಿ ಮುಗಿಸಿ ಮನೆಯಲ್ಲಿರುವ ಮಗ, ವಿಆರ್‌ಎಸ್ ಹಣ ಕೈಯಲ್ಲಿರುವ ಅಪ್ಪ, ಪೀಣ್ಯದಲ್ಲಿ ಶಿಫ್ಟ್ ಕೆಲಸ ಮಾಡುವ ತಮ್ಮ, ಹೀಗೆ ಮನೆಗೊಬ್ಬರು ಕೇಳುವ ಪ್ರಶ್ನೆ ಒಂದೇ: ‘ಇವುಗಳಲ್ಲಿ ಯಾವ ಕೋರ್ಸ್ ಒಳ್ಳೆಯದು?’

ಕೋರ್ಸುಗಳನ್ನು ಒಂದಕ್ಕೊಂದು ಹೋಲಿಸುವ ಮೊದಲು, ಯಾವ ಕೋರ್ಸಿಗೂ ಸೇರದಿರುವುದರ ಜೊತೆ ಹೋಲಿಸಿ ನೋಡಬೇಕು ಎನ್ನುವುದು ನಮ್ಮ ಉತ್ತರ. ಏಕೆ ಎಂದು ಹೇಳುತ್ತೇವೆ.

ಫ್ಯೂಚರ್ಸ್ ಎಂದರೆ ಏನು?

ಯಶವಂತಪುರ ಎಪಿಎಂಸಿಯ ವರ್ತಕರೊಬ್ಬರು ಮುಂದಿನ ತಿಂಗಳು ಬರುವ ಈರುಳ್ಳಿಗೆ ಇಂದೇ ಬೆಲೆ ಮಾತಾಡಿ, ಮುಂಗಡ ಮಾತ್ರ ಕೊಟ್ಟರು ಎಂದುಕೊಳ್ಳಿ. ಬೆಲೆ ಏರಿದರೆ ಅವರಿಗೆ ಲಾಭ, ಇಳಿದರೆ ನಷ್ಟ. ಆದರೆ ಆ ಲಾಭ ನಷ್ಟ ಮುಂಗಡದ ಮೇಲಲ್ಲ, ಪೂರ್ತಿ ಸರಕಿನ ಮೇಲೆ. ಫ್ಯೂಚರ್ಸ್ ಕೂಡ ಇದೇ. ಈರುಳ್ಳಿಯ ಬದಲು ನಿಫ್ಟಿಯಂಥ ಸೂಚ್ಯಂಕ ಅಥವಾ ಒಂದು ಕಂಪನಿಯ ಷೇರು, ವರ್ತಕರ ಮಾತಿನ ಬದಲು ಎಕ್ಸ್‌ಚೇಂಜ್. ಮುಂಗಡಕ್ಕೆ ಇಲ್ಲಿ ಮಾರ್ಜಿನ್ ಎನ್ನುತ್ತಾರೆ. ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರೊಳಗೆ ಕೊಂಡು ಮಾರಿ ಮುಗಿಸಿದರೆ ಅದು ಡೇ ಟ್ರೇಡಿಂಗ್.

ಲೆಕ್ಕ ಹಾಕೋಣ. ನಿಫ್ಟಿ 25,000ದಲ್ಲಿದೆ, ಒಂದು ಲಾಟ್‌ನಲ್ಲಿ 75 ಯೂನಿಟ್ ಎಂದುಕೊಳ್ಳಿ. ವ್ಯವಹಾರದ ಮೊತ್ತ 18,75,000 ರೂಪಾಯಿ. ಮಾರ್ಜಿನ್ ಶೇ 12 ಎಂದುಕೊಂಡರೆ ನೀವು ಇಡುವುದು 2,25,000. ನಿಫ್ಟಿ ಶೇ 1ರಷ್ಟು ಕುಸಿದರೆ ನಷ್ಟ 18,750 ರೂಪಾಯಿ, ಅಂದರೆ ನಿಮ್ಮ ಹಣದ ಶೇ 8ಕ್ಕೂ ಹೆಚ್ಚು, ಒಂದೇ ದಿನದಲ್ಲಿ. ಸಣ್ಣ ಹೂಡಿಕೆದಾರರು ಈ ಆಟಕ್ಕೆ ಸುಲಭವಾಗಿ ಇಳಿಯಬಾರದೆಂದೇ ಸೆಬಿ 2024ರ ಅಕ್ಟೋಬರ್‌ನಲ್ಲಿ ಸೂಚ್ಯಂಕದ ಕಾಂಟ್ರಾಕ್ಟ್‌ನ ಕನಿಷ್ಠ ಮೊತ್ತವನ್ನು 15 ಲಕ್ಷಕ್ಕೆ ಏರಿಸಿತು.

‘ಕಲಿತವರು ಗೆಲ್ಲುತ್ತಾರೆ’ ಎಂಬ ನಂಬಿಕೆ

ಕೋರ್ಸ್ ಮಾರುವವರ ವಾದ ಸರಳ. ಸೋಲುವವರು ಕಲಿಯದವರು, ಆದ್ದರಿಂದ ಕಲಿಯಿರಿ. ಕೇಳಲು ಸರಿ ಎನಿಸುತ್ತದೆ. ಆದರೆ ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ.

ಬ್ರೆಜಿಲ್‌ನ ಮೂವರು ಅರ್ಥಶಾಸ್ತ್ರಜ್ಞರಾದ ಶಾಗ್, ಡಿ ಲೋಸ್ಸೊ ಮತ್ತು ಜಿಯೊವನೆಟ್ಟಿ, 2013ರಿಂದ 2015ರ ನಡುವೆ ಅಲ್ಲಿನ ಸೂಚ್ಯಂಕ ಫ್ಯೂಚರ್ಸ್‌ನಲ್ಲಿ ಡೇ ಟ್ರೇಡಿಂಗ್ ಶುರು ಮಾಡಿದ ಎಲ್ಲರ ದಾಖಲೆ ತೆಗೆದು ನೋಡಿದರು. ಕೆಲವರನ್ನು ಆರಿಸಿಕೊಂಡದ್ದಲ್ಲ, ಎಲ್ಲರದ್ದೂ. ಅವರಲ್ಲಿ 300 ದಿನಕ್ಕೂ ಹೆಚ್ಚು ಬಿಡದೆ ಟ್ರೇಡ್ ಮಾಡಿದವರ ಪೈಕಿ ಶೇ 97ರಷ್ಟು ಜನ ಹಣ ಕಳೆದುಕೊಂಡಿದ್ದರು. ದೇಶದ ಕನಿಷ್ಠ ವೇತನಕ್ಕಿಂತ ಹೆಚ್ಚು ಗಳಿಸಿದವರು ಶೇ 1.1 ಮಾತ್ರ. ನಮ್ಮ ಪ್ರಶ್ನೆಗೆ ಮುಖ್ಯವಾದುದು ಇನ್ನೊಂದು ಅಂಶ: ದಿನ ಕಳೆದಂತೆ ಇವರು ಕಲಿತು ಸುಧಾರಿಸಿದರು ಎಂಬುದಕ್ಕೆ ಯಾವ ಪುರಾವೆಯೂ ಸಿಗಲಿಲ್ಲ. ಕೋರ್ಸ್ ಮಾರುವವರ ಮಾತಿಗೆ ಇದು ತದ್ವಿರುದ್ಧ ಎಂದು ಲೇಖಕರೇ ಬರೆದಿದ್ದಾರೆ.

ನಮ್ಮಲ್ಲಿ? ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021–22ರಿಂದ 2023–24ರವರೆಗೆ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯವಹರಿಸಿದ ಒಂದು ಕೋಟಿಗೂ ಹೆಚ್ಚು ಜನರಲ್ಲಿ ಶೇ 93ರಷ್ಟು ಮಂದಿಗೆ ನಷ್ಟವಾಗಿದೆ. ಸರಾಸರಿ ನಷ್ಟ ತಲೆಗೆ ಸುಮಾರು 2 ಲಕ್ಷ ರೂಪಾಯಿ. ಖರ್ಚು ಕಳೆದು 1 ಲಕ್ಷಕ್ಕಿಂತ ಹೆಚ್ಚು ಲಾಭ ಕಂಡವರು ಶೇ 1. ಈ ಅಂಕಿಗಳು ಆಪ್ಷನ್ಸ್ ಅನ್ನೂ ಸೇರಿಸಿಕೊಂಡಿವೆ, ಡೇ ಟ್ರೇಡಿಂಗ್ ಅನ್ನು ಮಾತ್ರ ಬೇರ್ಪಡಿಸಿದ್ದಲ್ಲ ಎಂಬುದನ್ನು ಹೇಳಿಬಿಡುತ್ತೇವೆ. ಆದರೂ ಎದುರು ಬದಿಯಲ್ಲಿ ಯಾರು ಕೂತಿದ್ದಾರೆಂಬುದನ್ನು ಇವು ತೋರಿಸುತ್ತವೆ. ಅದೇ ವರದಿಯಂತೆ 2023–24ರಲ್ಲಿ ಲಾಭ ಹೋದದ್ದು ಬ್ರೋಕರ್ ಸಂಸ್ಥೆಗಳ ಸ್ವಂತ ಟ್ರೇಡಿಂಗ್ ವಿಭಾಗಗಳಿಗೆ ಮತ್ತು ವಿದೇಶಿ ಸಾಂಸ್ಥಿಕ ಹೂಡಿಕೆದಾರರಿಗೆ. ಅವರ ಲಾಭದ ಬಹುಪಾಲು ಬಂದದ್ದು ಕಂಪ್ಯೂಟರ್ ಪ್ರೋಗ್ರಾಂ ತಾನೇ ನಡೆಸುವ ಆಲ್ಗೊ ಟ್ರೇಡಿಂಗ್‌ನಿಂದ. ಆರು ವಾರದ ತರಗತಿ ಮುಗಿಸಿದವರು ಆಡಬೇಕಿರುವುದು ಇವರ ಎದುರು.

ಜಾಹೀರಾತನ್ನು ಓದುವುದು ಹೇಗೆ?

ಸಂವಹನ ಓದಿದವರಾದ್ದರಿಂದ ನಮ್ಮ ಕಣ್ಣು ಮೊದಲು ಹೋಗುವುದು ಪದಗಳ ಮೇಲೆ. ‘ಶೇ 90 ನಿಖರತೆ’ ಎಂಬುದನ್ನೇ ನೋಡಿ. ಹತ್ತು ಟ್ರೇಡ್‌ನಲ್ಲಿ ಒಂಬತ್ತು ಬಾರಿ ತಲಾ 1,000 ರೂಪಾಯಿ ಗೆದ್ದು, ಹತ್ತನೆಯದರಲ್ಲಿ 12,000 ಕಳೆದುಕೊಂಡರೆ ನಿಖರತೆ ಶೇ 90ರಷ್ಟೇ ಇರುತ್ತದೆ, ಜೇಬಿನಿಂದ ಮಾತ್ರ 3,000 ಹೋಗಿರುತ್ತದೆ. ಹೇಳಿದ್ದು ಸುಳ್ಳಲ್ಲ, ಆದರೆ ಪ್ರಯೋಜನವಿಲ್ಲದ ನಿಜ.

ಇನ್ನು ವಿದ್ಯಾರ್ಥಿಗಳ ಯಶಸ್ಸಿನ ಫೋಟೊಗಳು. ಒಂದು ಸಂಸ್ಥೆಯಲ್ಲಿ 1,000 ಜನ ಕಲಿತರು, ಕಲಿತದ್ದರಿಂದ ಏನೂ ಉಪಯೋಗವಾಗಲಿಲ್ಲ, ಪ್ರತಿ ತಿಂಗಳ ಫಲಿತಾಂಶ ನಾಣ್ಯ ಚಿಮ್ಮಿದಷ್ಟೇ ಯಾದೃಚ್ಛಿಕ ಎಂದಿಟ್ಟುಕೊಳ್ಳಿ. ಆಗಲೂ ಸತತ ಆರು ತಿಂಗಳು ಗೆದ್ದವರು 15ರಿಂದ 16 ಜನ ಇದ್ದೇ ಇರುತ್ತಾರೆ. ಪೋಸ್ಟರಿಗೆ ಅಷ್ಟು ಮುಖ ಸಾಕು. ಉಳಿದ 984 ಜನ ಎಲ್ಲಿ ಎಂದು ಪೋಸ್ಟರ್ ಹೇಳುವುದಿಲ್ಲ. ಸೋತವರು ವಾಟ್ಸಾಪ್ ಗುಂಪಿನಿಂದ ಸದ್ದಿಲ್ಲದೆ ಹೊರಬೀಳುತ್ತಾರೆ, ಬಹಳ ಸಲ ಮನೆಯಲ್ಲೂ ಹೇಳಿಕೊಳ್ಳುವುದಿಲ್ಲ.

ಲಾಭದ ಸ್ಕ್ರೀನ್‌ಶಾಟನ್ನು ತಿದ್ದುವುದು ಐದು ನಿಮಿಷದ ಕೆಲಸ. ತಿದ್ದದಿದ್ದರೂ, ಅದು ಒಂದು ಖಾತೆಯ ಒಂದು ದಿನದ ಚಿತ್ರ ಮಾತ್ರ. ‘ಬಾಪ್ ಆಫ್ ಚಾರ್ಟ್’ ಹೆಸರಿನಲ್ಲಿ ಕೋರ್ಸ್ ಮಾರುತ್ತಿದ್ದವರ ಮೇಲೆ ಸೆಬಿ 2023ರ ಅಕ್ಟೋಬರ್‌ನಲ್ಲಿ ಮಧ್ಯಂತರ ಆದೇಶ ಹೊರಡಿಸಿ, 17 ಕೋಟಿಗೂ ಹೆಚ್ಚು ಹಣವನ್ನು ಪ್ರತ್ಯೇಕ ಖಾತೆಯಲ್ಲಿ ಇಡಲು ಹೇಳಿತು. ಲಾಭವನ್ನಷ್ಟೇ ತೋರಿಸುತ್ತಿದ್ದ ಆ ವ್ಯಕ್ತಿಗೆ 2021ರ ಜನವರಿಯಿಂದ 2023ರ ಜುಲೈವರೆಗೆ ಟ್ರೇಡಿಂಗ್‌ನಲ್ಲಿ ಸುಮಾರು 2.9 ಕೋಟಿ ರೂಪಾಯಿ ನಷ್ಟವಾಗಿತ್ತು ಎಂದು ಆ ಆದೇಶದಲ್ಲಿದೆ.

ಹಾಗಾದರೆ ಹೋಲಿಸುವುದು ಏನನ್ನು?

ಮೊದಲು, ಕಲಿಸುವವರ ಆದಾಯ ಎಲ್ಲಿಂದ ಬರುತ್ತದೆ ಎಂಬುದನ್ನು. ಶುಲ್ಕದಿಂದಲೋ, ಟ್ರೇಡಿಂಗ್‌ನಿಂದಲೋ? ಟ್ರೇಡಿಂಗ್‌ನಿಂದ ಎಂದರೆ ಕನಿಷ್ಠ ಮೂರು ವರ್ಷದ, ಎಲ್ಲ ಖಾತೆಗಳ, ಖರ್ಚು ಕಳೆದ ಲೆಕ್ಕ ಕೇಳಿ. ಆದಾಯ ತೆರಿಗೆ ವಿವರದಲ್ಲಿ ಎಫ್ ಅಂಡ್ ಒ ಲಾಭ ನಷ್ಟವನ್ನು ವ್ಯಾಪಾರದ ಆದಾಯವೆಂದು ತೋರಿಸಲೇಬೇಕು, ಹಾಗಾಗಿ ಲೆಕ್ಕ ಅವರ ಬಳಿ ಇರುತ್ತದೆ. ಕೊಡುವುದು ಬಿಡುವುದು ಅವರಿಷ್ಟ, ಸೇರುವುದು ಬಿಡುವುದು ನಿಮ್ಮಿಷ್ಟ.

‘ಕೋರ್ಸ್ ಉಚಿತ, ನಮ್ಮ ಲಿಂಕ್‌ನಲ್ಲಿ ಡಿಮ್ಯಾಟ್ ಖಾತೆ ತೆರೆದರೆ ಸಾಕು’ ಎಂದರೆ ಇನ್ನೂ ಎಚ್ಚರ ಬೇಕು. ಬ್ರೋಕರ್‌ಗಳ ಅಧಿಕೃತ ಪ್ರತಿನಿಧಿಗಳಿಗೆ ಗ್ರಾಹಕರು ಕಟ್ಟುವ ಬ್ರೋಕರೇಜ್‌ನಲ್ಲಿ ಪಾಲು ಸಿಗುತ್ತದೆ. ನೀವು ಗೆದ್ದರೂ ಸೋತರೂ ಅವರಿಗೆ ಬೇಕಿರುವುದು ನೀವು ಹೆಚ್ಚು ಸಲ ಟ್ರೇಡ್ ಮಾಡುವುದು.

ಎರಡನೆಯದು ಖರ್ಚು. 50,000 ರೂಪಾಯಿಯ ಕೋರ್ಸಿಗೆ ಶೇ 18ರ ಜಿಎಸ್‌ಟಿ ಸೇರಿದರೆ 59,000. ಕೈಯಲ್ಲಿರುವ ಬಂಡವಾಳ 3 ಲಕ್ಷವಾದರೆ, ಶುಲ್ಕ ವಾಪಸ್ ಗಳಿಸಲಿಕ್ಕೇ ಹತ್ತಿರ ಹತ್ತಿರ ಶೇ 20 ಲಾಭ ಮಾಡಬೇಕು. ಅದರ ಮೇಲೆ ಟ್ರೇಡಿಂಗ್ ಖರ್ಚು. ಫ್ಯೂಚರ್ಸ್ ಮಾರಾಟದ ಮೇಲಿನ ಎಸ್‌ಟಿಟಿ ತೆರಿಗೆ 2024ರ ಅಕ್ಟೋಬರ್ 1ರಂದು ಶೇ 0.0125ರಿಂದ ಶೇ 0.02ಕ್ಕೆ ಏರಿತು. ಆ ದರದಲ್ಲೇ ಮೇಲಿನ ಲಾಟ್‌ಗೆ 375 ರೂಪಾಯಿ. ದಿನಕ್ಕೊಂದೇ ಟ್ರೇಡ್, ತಿಂಗಳಿಗೆ 20 ದಿನ ಎಂದರೂ 7,500. ಬ್ರೋಕರೇಜ್, ಎಕ್ಸ್‌ಚೇಂಜ್ ಶುಲ್ಕ, ಸ್ಟಾಂಪ್ ಡ್ಯೂಟಿ ಬೇರೆ. ಬಜೆಟ್‌ಗಳಲ್ಲಿ ಈ ದರ ಬದಲಾಗುತ್ತಿರುತ್ತದೆ, ಆದ್ದರಿಂದ ಅಂದಿನ ದರದಲ್ಲಿ ಲೆಕ್ಕ ಹಾಕಿಕೊಳ್ಳಿ. ಡೆಮೊ ತರಗತಿಯಲ್ಲಿ ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸುವವರಿದ್ದರೆ, ನಮ್ಮ ದೃಷ್ಟಿಯಲ್ಲಿ ಅವರಿಗೆ ಒಂದು ಅಂಕ ಹೆಚ್ಚು. ಕ್ಯಾಂಡಲ್ ಚಿತ್ರಗಳನ್ನಷ್ಟೇ ತೋರಿಸುವವರು ಬೇಕಾದಷ್ಟಿದ್ದಾರೆ.

ಸೆಬಿ ನೋಂದಣಿಯ ಬಗ್ಗೆ ತುಂಬ ಗೊಂದಲವಿದೆ. ಕೇವಲ ಪಾಠ ಮಾಡಲು ಸೆಬಿ ನೋಂದಣಿ ಬೇಡ. ಇಂಥದ್ದನ್ನು ಇಂಥ ಬೆಲೆಗೆ ಕೊಳ್ಳಿ, ಮಾರಿ ಎಂದು ಹೇಳಲು ಬೇಕು. ರಿಸರ್ಚ್ ಅನಲಿಸ್ಟ್‌ಗಳ ಸಂಖ್ಯೆ ಐಎನ್‌ಎಚ್ ಎಂದೂ ಹೂಡಿಕೆ ಸಲಹೆಗಾರರದ್ದು ಐಎನ್‌ಎ ಎಂದೂ ಶುರುವಾಗುತ್ತದೆ. ಸೆಬಿ ವೆಬ್‌ಸೈಟಿನಲ್ಲಿ ಹೆಸರು ಹುಡುಕಿ ಖಚಿತ ಮಾಡಿಕೊಳ್ಳಬಹುದು. ಆದರೆ ಆ ಸಂಖ್ಯೆ ಕೋರ್ಸ್ ಚೆನ್ನಾಗಿದೆ ಎಂಬುದಕ್ಕೆ ಪ್ರಮಾಣಪತ್ರವಲ್ಲ. ನೋಂದಣಿ ಇಲ್ಲದ ಶಿಕ್ಷಕರು ಇತ್ತೀಚಿನ ಮೂರು ತಿಂಗಳ ಬೆಲೆಗಳನ್ನು ಬಳಸಿ ಯಾವುದೇ ಷೇರು ಮುಂದೆ ಏನಾದೀತು ಎಂದು ಸೂಚಿಸಬಾರದು ಎಂದು ಸೆಬಿಯ 2025ರ ಜನವರಿ 29ರ ಸುತ್ತೋಲೆ ಹೇಳಿತು. ಹಾಗಿದ್ದ ಮೇಲೆ ‘ಲೈವ್ ಮಾರ್ಕೆಟ್‌ನಲ್ಲೇ ಕಲಿಸುತ್ತೇವೆ, ಟೆಲಿಗ್ರಾಂನಲ್ಲಿ ಕಾಲ್ ಕೊಡುತ್ತೇವೆ’ ಎಂಬುದನ್ನು ಕೋರ್ಸಿನ ಹೆಚ್ಚುಗಾರಿಕೆ ಎಂದು ಎಣಿಸಬೇಡಿ. ನೋಂದಣಿ ಸಂಖ್ಯೆ ಕೇಳಿ.

ಹಣ ಕೊಡದೆ ಸಿಗುವುದು ಏನು?

ಸಾಕಷ್ಟು ಸಿಗುತ್ತದೆ. ಎನ್‌ಐಎಸ್‌ಎಂ ಸಂಸ್ಥೆಯ ಸೀರೀಸ್ 8 ಈಕ್ವಿಟಿ ಡೆರಿವೇಟಿವ್ಸ್ ಪರೀಕ್ಷೆ ಬ್ರೋಕರ್ ಕಚೇರಿಯ ಸಿಬ್ಬಂದಿಗಾಗಿ ಇರುವುದು. 2 ಗಂಟೆ, 100 ಅಂಕ, ಪಾಸಾಗಲು 60 ಬೇಕು, ತಪ್ಪು ಉತ್ತರಕ್ಕೆ ಅಂಕ ಕಡಿತವೂ ಉಂಟು. ಅದರ ಪಠ್ಯಪುಸ್ತಕ ಉಚಿತ. ಬೆಂಗಳೂರಿನದೇ ಬ್ರೋಕರ್ ಸಂಸ್ಥೆಯಾದ ಝೀರೋಧಾದ ವಾರ್ಸಿಟಿಯಲ್ಲಿ ಫ್ಯೂಚರ್ಸ್ ಬಗ್ಗೆಯೇ ಒಂದು ಪೂರ್ಣ ಪಾಠಮಾಲೆ ಉಚಿತವಾಗಿದೆ. ಬ್ರೋಕರ್‌ಗೂ ನೀವು ಟ್ರೇಡ್ ಮಾಡಿದರೆ ಆದಾಯ ಎಂಬುದು ನೆನಪಿರಲಿ, ಆದರೆ ಪಾಠ ಸ್ಪಷ್ಟವಾಗಿದೆ. ಯಾವ ಕೋರ್ಸ್ ನೋಡುತ್ತಿದ್ದೀರೋ ಅದರ ಪಠ್ಯಕ್ರಮವನ್ನು ಇವೆರಡರ ಪಕ್ಕದಲ್ಲಿಟ್ಟು, ಇಲ್ಲಿಲ್ಲದ್ದು ಅಲ್ಲೇನಿದೆ ಎಂದು ಗುರುತು ಹಾಕುತ್ತಾ ಹೋಗಿ. ಹೆಚ್ಚಾಗಿ ಉಳಿಯುವುದು ಕನ್ನಡದಲ್ಲಿ ಎದುರು ಕೂತು ವಿವರಿಸುವ ಶಿಕ್ಷಕರು ಮತ್ತು ಪ್ರಶ್ನೆ ಕೇಳುವ ಅವಕಾಶ. ಇಂಗ್ಲಿಷ್ ಓದು ಕಷ್ಟವೆನಿಸುವವರಿಗೆ ಅದು ಸಣ್ಣ ವಿಷಯವಲ್ಲ, ಅದಕ್ಕೆ ಹಣ ಕೊಡುವುದು ತಪ್ಪೂ ಅಲ್ಲ. ಆದರೆ ಅದಕ್ಕೆ ಎಷ್ಟು ಕೊಡಬಹುದು ಎಂದು ಆಗ ನಿಮಗೇ ಅಂದಾಜಾಗುತ್ತದೆ.

ಕಾಗದದ ಮೇಲೆ ಮೂರು ತಿಂಗಳು ಟ್ರೇಡ್ ಮಾಡಿ, ಪ್ರತಿಯೊಂದಕ್ಕೂ ಖರ್ಚು ಕಳೆದು ಬರೆದಿಡುವುದೂ ಉಚಿತವೇ. ಕೆಲಸಕ್ಕೆ ಹೋಗುವವರಿಗೆ ಇಷ್ಟು ಹೊತ್ತು ಪರದೆ ನೋಡಲು ಸಾಧ್ಯವೇ ಎಂಬುದೂ ಅಲ್ಲೇ ಗೊತ್ತಾಗುತ್ತದೆ.

ಇಷ್ಟೆಲ್ಲ ನೋಡಿಯೂ ಸೇರುವುದಾದರೆ, ‘ಇವತ್ತೇ ಕಟ್ಟಿದರೆ ಅರ್ಧ ಬೆಲೆ’ ಎಂದವರಿಗೆ ಅಂದೇ ಕಟ್ಟಬೇಡಿ. ಸಾಲ ಮಾಡಿ, ಇಎಂಐ ಹಾಕಿಸಿಕೊಂಡು ಕಟ್ಟಬೇಡಿ. ಹಣ ವಾಪಸಾತಿಯ ಷರತ್ತು ಬರಹದಲ್ಲಿರಲಿ, ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. ಕರಪತ್ರ, ಜಾಹೀರಾತಿನ ಸ್ಕ್ರೀನ್‌ಶಾಟ್, ವಾಟ್ಸಾಪ್‌ನಲ್ಲಿ ಕೊಟ್ಟ ಭರವಸೆ ಎಲ್ಲವನ್ನೂ ತೆಗೆದಿಡಿ. ಹೇಳಿದ್ದೊಂದು ಕೊಟ್ಟದ್ದೊಂದು ಆದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ, ನೀವು ಕಟ್ಟಿದ ಶುಲ್ಕ 5 ಲಕ್ಷ ರೂಪಾಯಿ ಮೀರದಿದ್ದರೆ, ದೂರು ಸಲ್ಲಿಸಲು ಶುಲ್ಕವಿಲ್ಲ. ಟ್ರೇಡಿಂಗ್ ಹೆಸರಿನಲ್ಲಿ ಯಾರಾದರೂ ತಮ್ಮ ಖಾತೆಗೆ ಹಣ ಹಾಕಿಸಿಕೊಂಡು ಕಾಣೆಯಾದರೆ ಅದು ಸೈಬರ್ ವಂಚನೆ. ಅದಕ್ಕೆ 1930, ತಡ ಮಾಡದೆ ಕರೆ ಮಾಡಬೇಕು.