ಸಮುದ್ರದ ಮೇಲೊಂದು ರಜಾದಿನ

ಏಪ್ರಿಲ್‌ನಲ್ಲಿ ನಮ್ಮ ಕೂಟದ ಮೂರು ಸಂಸಾರಗಳು ಫ್ಲಾರಿಡಾದಿಂದ ಬಾರ್ಸಿಲೋನಾಕ್ಕೆ ಹಡಗಿನಲ್ಲಿ ಹೋಗಿದ್ದೆವು. ನಡುವೆ ಏಳು ದಿನ ಬರೀ ನೀರು. ಕಾರ್ಯಕ್ರಮದ ಪಟ್ಟಿಯಲ್ಲಿ ಆ ಏಳೂ ದಿನಗಳ ಮುಂದೆ ಊರಿನ ಹೆಸರಿರಲಿಲ್ಲ, 'ಸಮುದ್ರದಲ್ಲಿ' ಎಂದಷ್ಟೇ ಇತ್ತು. ವೈಫೈಗೆ ದುಡ್ಡು ಕೊಡುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದ್ದರಿಂದ ಆಫೀಸಿನ ಕಾಟವೂ ಇಲ್ಲ. ಡೆಕ್ಕಿನ ಮೇಲೆ ಒರಗುಕುರ್ಚಿ, ಕೈಯಲ್ಲಿ ಕಾಫಿ, ತೊಡೆಯ ಮೇಲೆ ಎಂದೋ ಅರ್ಧಕ್ಕೆ ಬಿಟ್ಟ ಪುಸ್ತಕ. ಹಾಗೆ ಕೂತಿದ್ದಾಗ ನಮ್ಮಲ್ಲೊಂದು ಚರ್ಚೆ ಎದ್ದಿತು: ಸಮುದ್ರದ ಮೇಲೆ ಸುಮ್ಮನೆ ಕೂರುವುದಕ್ಕೆ ಮನುಷ್ಯ ದುಡ್ಡು ಕೊಡಲು ಶುರು ಮಾಡಿದ್ದು ಯಾವಾಗ?

ನಮ್ಮ ಹಿರಿಯರಿಗೆ ಸಮುದ್ರ ದಾಟಿದರೆ ಜಾತಿ ಕೆಡುವ ಭಯ. ಮುಂದೆ ದಾಟಿದವರಿಗೂ ಅದು ದಾಟಿ ಮುಗಿಸಬೇಕಾದ ದಾರಿಯೇ. ವಿ.ಕೃ. ಗೋಕಾಕರು 1930ರ ದಶಕದಲ್ಲಿ ಹೊರಟಿದ್ದು ಆಕ್ಸ್‌ಫರ್ಡಿಗೆ. ಸಮುದ್ರ ದಾರಿಯಲ್ಲಿ ಸಿಕ್ಕಿತು, ಕನ್ನಡಕ್ಕೆ 'ಸಮುದ್ರ ಗೀತೆಗಳು' ದಕ್ಕಿತು. ಊರು ತಲುಪುವ ಉದ್ದೇಶವೇ ಇಲ್ಲದೆ ಹಡಗು ಹತ್ತುವುದು ಬೇರೆಯೇ ಕಥೆ.

ಆ ಕಥೆಯಲ್ಲಿ ಮುಖ್ಯ ಪಾತ್ರ ಆಲ್ಬರ್ಟ್ ಬಾಲಿನ್ ಎಂಬಾತನದು. ಹ್ಯಾಂಬರ್ಗಿನ ಹಪಾಗ್ ಹಡಗು ಕಂಪನಿಯಲ್ಲಿ ಪ್ರಯಾಣಿಕರ ವಿಭಾಗ ನೋಡಿಕೊಳ್ಳುತ್ತಿದ್ದ. ಕೆಲಸ ಹುಡುಕಿ ಅಮೆರಿಕಕ್ಕೆ ಹೊರಟ ಬಡ ವಲಸಿಗರೇ ಕಂಪನಿಯ ದೊಡ್ಡ ಗಿರಾಕಿಗಳು. ಆದರೆ ಚಳಿಗಾಲದಲ್ಲಿ ಉತ್ತರ ಅಟ್ಲಾಂಟಿಕ್ ದಾಟುವವರು ಕಡಿಮೆ, ದುಬಾರಿ ಹಡಗುಗಳು ಸುಮ್ಮನೆ ನಿಲ್ಲುತ್ತಿದ್ದವು. ಕೆಲಸವಿಲ್ಲದ ಸರ್ವರ್ ಕಂಡರೆ ನಮ್ಮಂಥವರಿಗೆ ಆಗುವ ಸಂಕಟವೇ ಬಾಲಿನ್‌ಗೂ ಆಗಿರಬೇಕು! 1891ರ ಜನವರಿ 22ರಂದು 'ಆಗಸ್ಟಾ ವಿಕ್ಟೋರಿಯಾ' ಹಡಗು 241 ಪ್ರಯಾಣಿಕರೊಂದಿಗೆ ಕುಕ್ಸ್‌ಹಾವನ್‌ನಿಂದ ಮೆಡಿಟರೇನಿಯನ್ ಕಡೆಗೆ ಹೊರಟಿತು. ಬಾಲಿನ್ ತಾನೂ ಹೊರಟ. ಸುಮಾರು ಎರಡು ತಿಂಗಳ ಸುತ್ತಾಟ. ವಿಹಾರಯಾತ್ರೆಗಳು ಮುಂಚೆಯೂ ಇದ್ದವು. ಆದರೆ ಅಟ್ಲಾಂಟಿಕ್ ದಾಟುವ ಇಂಥ ದೊಡ್ಡ ಹಡಗನ್ನು ಬಿಸಿಲು ಕಾಯಿಸಲು ಕಳಿಸಿ ಗೆದ್ದಿದ್ದು ಆತನ ಲೆಕ್ಕಾಚಾರ.

ಅಂದಹಾಗೆ, ಮಹಾರಾಣಿಯ ಹೆಸರು 'ಆಗಸ್ಟೆ'. ಹಡಗಿನ ಮೇಲೆ 'ಆಗಸ್ಟಾ' ಎಂದು ತಪ್ಪಾಗಿ ಬರೆದಿದ್ದನ್ನು ತಿದ್ದಿದ್ದು 1897ರಲ್ಲಿ. ನಮ್ಮ ಪ್ರಾಜೆಕ್ಟುಗಳ ಬಗ್‌ಗಳೇ ವಾಸಿ.

1900ರಲ್ಲಿ ಬಾಲಿನ್ ವಿಹಾರಕ್ಕೆಂದೇ 'ಪ್ರಿನ್ಸೆಸಿನ್ ವಿಕ್ಟೋರಿಯಾ ಲೂಯಿಸೆ' ಎಂಬ ಹಡಗು ಕಟ್ಟಿಸಿದ. 120 ಕೋಣೆ, ಎಲ್ಲವೂ ಮೊದಲ ದರ್ಜೆ. 1906ರ ಡಿಸೆಂಬರಿನಲ್ಲಿ ಅದು ಜಮೈಕಾ ಬಳಿ ಬಂಡೆಗೆ ಬಡಿಯಿತು. ಪ್ರಯಾಣಿಕರೆಲ್ಲ ಉಳಿದರು, ಕ್ಯಾಪ್ಟನ್ ತನ್ನ ಕೋಣೆಗೆ ಹೋಗಿ ಗುಂಡು ಹಾರಿಸಿಕೊಂಡ. 1918ರ ನವೆಂಬರ್ 9ರಂದು, ಜರ್ಮನಿಯ ಚಕ್ರವರ್ತಿ ಪಟ್ಟ ಬಿಟ್ಟ ದಿನವೇ, ಬಾಲಿನ್ ಕೂಡ ತೀರಿಕೊಂಡ. ನಿದ್ರೆಮಾತ್ರೆ ಅತಿಯಾಗಿ ನುಂಗಿದ್ದ. ಆದರೆ ಆತನ ಉಪಾಯ ಉಳಿಯಿತು. 1958ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟತೊಡಗಿದ ಮೇಲೆ ಊರು ಮುಟ್ಟಲು ಹಡಗು ಬೇಕಿಲ್ಲವಾಯಿತು, ವಿಹಾರವೇ ಹಡಗುಗಳಿಗೆ ಆಸರೆಯಾಯಿತು. ನಾವು ಹತ್ತಿದ್ದೂ ಕೆರಿಬಿಯನ್ ಚಳಿಗಾಲ ಮುಗಿಸಿ ಯೂರೋಪಿನ ಬೇಸಿಗೆಗೆ ಹೊರಟ ಹಡಗೇ. ಖಾಲಿ ಹೋಗುವ ಬದಲು ನಮ್ಮನ್ನು ಅಗ್ಗದಲ್ಲಿ ತುಂಬಿಕೊಂಡಿತ್ತು.

ಈ ಚರಿತ್ರೆಯಲ್ಲಿ ಇನ್ನೊಂದು ಮಹಡಿಯಿದೆ. ಆಗಸ್ಟಾ ವಿಕ್ಟೋರಿಯಾದ ಡೆಕ್ಕಿನಲ್ಲಿ ಜನ ಬಿಸಿಲು ಕಾಯಿಸುತ್ತಿದ್ದಾಗ ಕೆಳಗೆ ಬಾಯ್ಲರುಗಳಿಗೆ ಸಲಿಕೆಯಲ್ಲಿ ಕಲ್ಲಿದ್ದಲು ತುಂಬುತ್ತಿದ್ದವರಿಗೆ ಅದು ಒಲೆ ಆರದ ದಿನ. ಕಲ್ಲಿದ್ದಲು ಹೋಯಿತು. ಕೆಳಮಹಡಿ ಹೋಗಿಲ್ಲ.

ನಮಗೆ ಬೆಳಿಗ್ಗೆ ಕಾಫಿ ತರುತ್ತಿದ್ದ ಹುಡುಗ ನಮ್ಮ ಮಾತು ಕೇಳಿ, "ಕನ್ನಡದವ್ರಾ ಸರ್? ನಂದು ಕುಂದಾಪ್ರ," ಎಂದ. ಸಮುದ್ರದ ದಿನ ನಿಮಗೂ ಸ್ವಲ್ಪ ಆರಾಮವೇ ಎಂದು ಕೇಳಿದೆವು. ನಕ್ಕ. "ಅವತ್ತೇ ಜಾಸ್ತಿ ಕೆಲ್ಸ ಸರ್. ಯಾರೂ ಇಳಿದು ಹೋಗುದಿಲ್ಲ ಅಲ್ವಾ?" ಪೂರ್ವಕ್ಕೆ ಹೋಗುವಾಗ ಗಡಿಯಾರ ಒಂದೊಂದೇ ಗಂಟೆ ಮುಂದೆ ಹೋಗುತ್ತದೆ, ಬಾರ್ಸಿಲೋನಾ ಮುಟ್ಟುವಷ್ಟರಲ್ಲಿ ಆರು ರಾತ್ರಿ ನಿದ್ದೆ ಒಂದೊಂದು ಗಂಟೆ ಮೋಟು. ನಾವು ತಡವಾಗಿ ಎದ್ದು ಸರಿಮಾಡಿಕೊಂಡಿದ್ದೆವು. ಅವನ ಪಾಳಿ ಬೆಳಗಿನ ಐದೂವರೆಗೇ.

ಮರುದಿನ ಕಾಫಿಗೆ ನಾವೇ ಎದ್ದು ಹೋದೆವು. ಅವನಿಗೆ ಗಾಬರಿ. "ನೀವೇ ತಕೊಂಡ್ರೆ ನಂಗೆಂತ ಕೆಲ್ಸ ಸರ್? ಕೂತ್ಕೊಳ್ಳಿ."

ಕೂತೆವು. ಹೊಟ್ಟೆಪಾಡಿಗೆ ಊರು ಬಿಟ್ಟವರೇ ಎಲ್ಲರೂ, ಬಾಲಿನ್‌ನ ವಲಸಿಗರು, ನಾವು, ಆ ಹುಡುಗ. ಅವತ್ತಿನ ಕಾಫಿ ಬೇಗ ಆರಿಹೋಯಿತು.