ಕಾದಂಬರಿಯ ಕಥಾಸಂವಿಧಾನ: ಅಗಡಿಯಿಂದ ಗಣಕಯಂತ್ರದವರೆಗೆ

ಕಾದಂಬರಿಯೆಂಬ ಹೆಸರು ನಮಗೆ ಬಂದುದೇ ಕರ್ತೃವು ಮುಗಿಸದೆ ಬಿಟ್ಟ ಗ್ರಂಥವೊಂದರಿಂದ. ಏಳನೆಯ ಶತಮಾನದ ಬಾಣಭಟ್ಟನು ತನ್ನ ‘ಕಾದಂಬರಿ’ಯನ್ನು ಅರ್ಧಕ್ಕೆ ಬಿಟ್ಟು ತೀರಿಕೊಂಡನು, ಉತ್ತರಭಾಗವನ್ನು ಅವನ ಮಗನು ಪೂರೈಸಿದನು. ಕಥೆಯೊಳಗೆ ಕಥೆ, ಜನ್ಮದೊಳಗೆ ಜನ್ಮ ಹೆಣೆದಿರುವ ಆ ಕೃತಿಯನ್ನು ಬೇರೊಂದು ಕೈ ಮುಗಿಸಲು ಸಾಧ್ಯವಾದುದು, ಅದರ ಕಟ್ಟಡವು ಪೂರ್ವಭಾಗದಲ್ಲಿಯೇ ಗಟ್ಟಿಯಾಗಿ ನಿಂತಿದ್ದುದರಿಂದಲೇ ಎಂದು ತೋರುತ್ತದೆ.

ನಮ್ಮ ಸೀಮೆಗೆ ಬರೋಣ. ಮೋಟೆಬೆನ್ನೂರೆಂದೊಡನೆ ವಾಚಕರಿಗೆ ಮೈಲಾರ ಮಹಾದೇವಪ್ಪನವರ ಸ್ಮರಣೆಯಾಗುವದು ಸಹಜವು. ಆದರೆ ಇಲ್ಲಿಂದ ಹೆದ್ದಾರಿ ಹಿಡಿದು ಹೋದರೆ ಸಿಕ್ಕುವ ಹಾವೇರಿಯ ನೆರೆಯ ಅಗಡಿಯು ಕನ್ನಡ ಕಾದಂಬರಿಯ ತವರುಗಳಲ್ಲೊಂದು. ಸ್ವಗ್ರಾಮದ ಹೆಸರಿನಿಂದಲೇ ಪ್ರಸಿದ್ಧರಾದ ಗಳಗನಾಥರು (ವೆಂಕಟೇಶ ತಿರಕೋ ಕುಲಕರ್ಣಿ, 1869-1942) ಶಿಕ್ಷಕವೃತ್ತಿಯವರು. 1898 ರಲ್ಲಿ ‘ಪ್ರಬುದ್ಧ ಪದ್ಮನಯನೆ’ಯನ್ನು ಬರೆದ ಅವರು, 1907 ರಲ್ಲಿ ಅಗಡಿಯಲ್ಲಿ ಆರಂಭವಾದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಮೂಲಕ ಮನೆಮನೆಗೂ ಕಾದಂಬರಿಯನ್ನು ಮುಟ್ಟಿಸಿದರು.

ಕಂತುಕಂತಾಗಿ ಬರೆಯುವವನ ಕಷ್ಟವನ್ನು ವಾಚಕರು ಊಹಿಸಬೇಕು. ಅಚ್ಚಾದುದು ಅಚ್ಚಾಯಿತು. ಮೂರನೆಯ ತಿಂಗಳಲ್ಲಿ ಕೊಂದ ಪಾತ್ರವನ್ನು ಒಂಬತ್ತನೆಯ ತಿಂಗಳಲ್ಲಿ ಎಬ್ಬಿಸಿ ಕೂಡ್ರಿಸುವಂತಿಲ್ಲ. ವರ್ಗಣಿದಾರರ ನೆನಪು ಲೇಖಕನ ನೆನಪಿಗಿಂತ ಚುರುಕಾದುದು! ಹರಿ ನಾರಾಯಣ ಆಪಟೆಯವರ ಮರಾಠಿ ಕೃತಿಗಳನ್ನು ಕನ್ನಡಕ್ಕೆ ತರುವಾಗ ಗಳಗನಾಥರಿಗೆ ಸಂವಿಧಾನವು ಸಿದ್ಧವಾಗಿಯೇ ದೊರೆಯಿತು. ವಿಜಯನಗರದ ಸ್ಥಾಪನೆಯನ್ನು ಕುರಿತ ‘ಮಾಧವ ಕರುಣಾ ವಿಲಾಸ’ (1923) ಹಾಗಲ್ಲ. ಅಲ್ಲಿ ಚೌಕಟ್ಟನ್ನೂ ತಾವೇ ಕಟ್ಟಬೇಕಾಯಿತು. ಅವರ ಹಿರಿಮೆಯನ್ನು ಅಳೆಯಬೇಕಾದುದು ಈ ಗ್ರಂಥದಿಂದಲೇ ಎಂಬುದು ನಮ್ಮ ಮತ.

ಸಂವಿಧಾನದ ವಿಚಾರವು ನಮ್ಮವರಿಗೆ ಹೊಸದಲ್ಲ. ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣಗಳೆಂಬ ಐದು ಸಂಧಿಗಳನ್ನು ನಾಟ್ಯಶಾಸ್ತ್ರವು ಹೇಳಿದೆ. ಬಿತ್ತಿದ ಬೀಜವು ಎಲ್ಲಿ ಮೊಳೆಯಬೇಕು, ಎಲ್ಲಿ ಮರೆಯಾಗಬೇಕು, ಎಲ್ಲಿ ಫಲಿಸಬೇಕು ಎಂಬುದರ ಲೆಕ್ಕವದು.

ಈಗ ಆ ಲೆಕ್ಕವನ್ನಿಡಲು ತಂತ್ರಾಂಶಗಳಿವೆ. 2007 ರಲ್ಲಿ ಹೊರಬಂದ ‘ಸ್ಕ್ರಿವ್ನರ್’ ಅವುಗಳಲ್ಲಿ ಹೆಸರುವಾಸಿಯಾದುದು. ಒಂದೊಂದು ಪ್ರಸಂಗಕ್ಕೆ ಒಂದೊಂದು ಚೀಟಿ. ಬೆಂಡಿನ ಹಲಗೆಗೆ ಚುಚ್ಚಿದಂತೆ ಅವೆಲ್ಲ ಪರದೆಯ ಮೇಲೆ ಕಾಣುತ್ತವೆ. ಒಂದು ಚೀಟಿಯನ್ನು ಸರಿಸಿದರೆ ಅದರ ಹಿಂದಿನ ಪ್ರಕರಣವೂ ಸರಿಯುತ್ತದೆ. ಪಾತ್ರಗಳ ಟಿಪ್ಪಣಿಗೂ ಆಧಾರಗ್ರಂಥಗಳಿಗೂ ಪಕ್ಕದಲ್ಲಿಯೇ ಸ್ಥಳವುಂಟು. ಐತಿಹಾಸಿಕ ಕಾದಂಬರಿಕಾರನಿಗೆ ಇದು ಸಣ್ಣ ಉಪಕಾರವಲ್ಲ. ಬೀಜವಾವುದು, ಫಲವಾವುದು ಎಂಬುದನ್ನು ಮಾತ್ರ ಚೀಟಿಯು ಹೇಳಲಾರದು.

ಚರಿತ್ರೆಕಾರನ ಕಳವಳವು ಬೇರೆ. ಕಂತುಗಳನ್ನೂ ಪುಸ್ತಕವನ್ನೂ ಪಕ್ಕದಲ್ಲಿಟ್ಟರೆ ಲೇಖಕನು ಎಲ್ಲಿ ಮನಸ್ಸು ಬದಲಿಸಿದನೆಂಬುದು ಗೊತ್ತಾಗುತ್ತದೆ. ಪರದೆಯ ಮೇಲೆ ಸರಿಸಿದ ಚೀಟಿಯು ಮೊದಲು ಎಲ್ಲಿತ್ತೆಂಬುದಕ್ಕೆ ಗುರುತುಳಿಯದು. ಹಳೆಯ ಪಾಠವನ್ನು ಕಾದಿಡುವ ಏರ್ಪಾಡು ಅದರಲ್ಲಿ ಇದೆ, ನಿಜ. ಆದರೆ ಬರೆಯುವವನು ನೆನಪಿಟ್ಟು ಅದನ್ನು ಬಳಸಬೇಕಷ್ಟೆ! ನೂರು ವರ್ಷಗಳ ತರುವಾಯ ಇಂದಿನ ಕಾದಂಬರಿಯ ಹುಟ್ಟನ್ನು ಅರಸುವವನಿಗೆ ಕೊನೆಯ ಪ್ರತಿಯೊಂದೇ ಸಿಕ್ಕೀತು.

ಆದುದರಿಂದ ಒಂದು ವಿನಂತಿ. ಮೋಟೆಬೆನ್ನೂರು, ಬ್ಯಾಡಗಿ, ರಾಣೇಬೆನ್ನೂರು, ಹಾವೇರಿಗಳ ಹಳೆಯ ಮನೆಗಳ ಅಟ್ಟದ ಮೇಲೆ ‘ಸದ್ಬೋಧ ಚಂದ್ರಿಕೆ’ಯ ಬಿಡಿ ಸಂಚಿಕೆಗಳಿದ್ದಲ್ಲಿ, ಗೆದ್ದಲು ಮುಟ್ಟುವ ಮೊದಲೇ ಸಂಘಕ್ಕೆ ತಿಳಿಸಬೇಕು. ಹರಿದ ಹಾಳೆಗಳಾದರೂ ಚಿಂತೆಯಿಲ್ಲ. ತಿಂಗಳು, ವರ್ಷಗಳು ಕಾಣಿಸಿದರೆ ಸಾಕು.